‘ಹೋಮ್‌ವರ್ಕ್’ ಎಂಬ ಶಬ್ದವೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಸನ್ಮಾನ್ಯ ಪಾಲಕರಿಗೂ ಈ ಸಂಚಿಕೆಯ ಮೂಲಕ ಒಂದು ಶಬ್ದದ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಬಯಸುತ್ತೇವೆ. ಆ ಶಬ್ದವು ‘ಹೋಮ್‌ವರ್ಕ್’ ಎಂಬದು. ಇಂಗ್ಲಿಷಿನ ಸಮಾಸಪದವಾದರೂ ದೇವರ ಹಿಪ್ಪರಗಿಯಲ್ಲಿ ಅದನ್ನು ಆಡದ ಮನೆಯಿಲ್ಲ.

ಕೆಲವು ಕಾಲದ ಹಿಂದೆ ಒಬ್ಬ ಹುಡುಗಿಯನ್ನು “ಹೋಮ್‌ವರ್ಕ್ ಮಾಡಿದೆಯೇನು?” ಎಂದು ಕೇಳಿದೆವು. ಅವಳು ಅಳುಕದೆ, “ಎಲ್ಲಾ ಮಾಡೇನ್ರಿ ಅಕ್ಕೋರೆ, ನೀರು ತಂದು, ರೊಟ್ಟಿ ಬಡದು, ಭಾಂಡಿ ತಿಕ್ಕಿ ಬಂದೇನ್ರಿ” ಎಂದಳು. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಆಮೇಲೆ ವಿಚಾರಿಸಿದಾಗ ನಕ್ಕದ್ದಕ್ಕೆ ನಾಚಿಕೆಯಾಯಿತು. ‘ಹೋಮ್’ ಎಂದರೆ ಮನೆ, ‘ವರ್ಕ್’ ಎಂದರೆ ಕೆಲಸ. ಕೂಡಿಸಿದರೆ ಅವಳು ಹೇಳಿದ್ದೇ ಅರ್ಥವಾಗಬೇಕಷ್ಟೆ!

ಆದರೆ ಸಮಾಸಪದದ ಅರ್ಥವು ಬಿಡಿಪದಗಳ ಮೊತ್ತವಲ್ಲ. ಶಾಲೆಯಲ್ಲಿ ಕೊಟ್ಟ ಅಭ್ಯಾಸವನ್ನು ಮನೆಯಲ್ಲಿ ಮಾಡುವದು ‘ಹೋಮ್‌ವರ್ಕ್’. ಕಸ, ಮುಸುರೆ, ಅಡಿಗೆಗಳು ‘ಹೌಸ್‌ವರ್ಕ್’. ಎರಡೂ ಪದಗಳಿಗೆ ಬಹುವಚನವಿಲ್ಲ. ‘ಹೋಮ್‌ವರ್ಕ್ಸ್’ ಎಂದು ಬರೆಯುವದು ತಪ್ಪು. ಸಭೆಗೆ ಬರುವ ಮುನ್ನ ವಿಷಯವನ್ನು ಚೆನ್ನಾಗಿ ತಿಳಿದುಕೊಂಡು ಬಂದವನನ್ನೂ ‘ಹೋಮ್‌ವರ್ಕ್ ಮಾಡಿದವನು’ ಎನ್ನುವದುಂಟು. ಮತ್ತೊಂದು ಅರ್ಥವೂ ಇದೆ. ಮಂಗಳೂರಿನ ಕಡೆಯ ಸ್ತ್ರೀಯರು ಮನೆಯಲ್ಲಿ ಕುಳಿತು ಬೀಡಿ ಕಟ್ಟುವಂತೆ, ಕೂಲಿಗಾಗಿ ಮನೆಯಲ್ಲಿ ಮಾಡುವ ಕೆಲಸವೂ ‘ಹೋಮ್ ವರ್ಕ್’. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1996ರಲ್ಲಿ ಇದೇ ಹೆಸರಿನ ಒಡಂಬಡಿಕೆಯನ್ನು ಅಂಗೀಕರಿಸಿತು.

ಕನ್ನಡದಲ್ಲಿ ಶಾಲೆಯ ಅಭ್ಯಾಸಕ್ಕೆ ‘ಗೃಹಪಾಠ’ವೆಂಬ ಮಾತಿದ್ದರೂ ‘ಮನೆಗೆಲಸ’ವೆಂದೇ ಹೇಳುವವರು ಅನೇಕರು. ಶಬ್ದದಲ್ಲಿ ಒಂದಾದದ್ದು ಹುಡುಗಿಯ ಬಾಳಿನಲ್ಲಿಯೂ ಒಂದಾಗಿಬಿಟ್ಟಿರುವದೇ ನಮ್ಮ ಚಿಂತೆ. ಅಣ್ಣನಿಗೆ ಒಂದೇ ‘ವರ್ಕ್’, ತಂಗಿಗೆ ಎರಡು. ಎರಡಕ್ಕೂ ಸಮಯ ಸಾಲದಾಗ ಹಿಂದೆ ಬೀಳುವದು ಪುಸ್ತಕವೇ ಹೊರತು ಒಲೆಯಲ್ಲ.

ಇದು ನಮ್ಮ ಊಹೆಯಲ್ಲ. ಕೇಂದ್ರ ಸರಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವವರು ಸ್ತ್ರೀಯರಲ್ಲಿ ನೂರಕ್ಕೆ 81, ಪುರುಷರಲ್ಲಿ ನೂರಕ್ಕೆ 26. ಹಾಗೆ ತೊಡಗಿದವರಲ್ಲಿ ಸ್ತ್ರೀಯರು ದಿನಕ್ಕೆ 299 ನಿಮಿಷ, ಪುರುಷರು 97 ನಿಮಿಷ ಕಳೆಯುತ್ತಿದ್ದರು. ಆರು ವರ್ಷ ದಾಟಿದ ಮಕ್ಕಳೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಇತ್ತ 2020ರ ಶಾಲಾ ಚೀಲದ ಧೋರಣೆಯು 9ನೆಯ ಇಯತ್ತೆಯಿಂದ ಮೇಲಿನವರಿಗೆ ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಗೃಹಪಾಠ ಕೊಡಬಾರದೆಂದು ಹೇಳುತ್ತದೆ. ಈ ಮಿತಿಯನ್ನು ಮೀರದಿರುವದು ಶಿಕ್ಷಕಿಯರಾದ ನಮ್ಮ ಹೊಣೆ. ಆ ಎರಡು ತಾಸುಗಳನ್ನು ಹುಡುಗಿಗೆ ದೊರಕಿಸುವದು ಮನೆಯವರ ಹೊಣೆ.

ಮನೆಗೆಲಸವು ಹೀನವೆಂದು ನಾವು ಎಂದೂ ಹೇಳೆವು. ನಮ್ಮ ಊರು ಮಡಿವಾಳ ಮಾಚಯ್ಯನವರ ಜನ್ಮಸ್ಥಳವೆಂದು ಹೆಸರಾದದ್ದು. 12ನೆಯ ಶತಮಾನದ ಆ ಶರಣರು ಇತರರ ಬಟ್ಟೆಗಳನ್ನು ಒಗೆಯುವದನ್ನೇ ಕಾಯಕವಾಗಿ ನಡೆಸಿ ಪೂಜ್ಯರಾದರು. ಒಗೆಯುವ ಕೆಲಸದಿಂದ ಅಂಥ ಪುರುಷರ ಗೌರವವು ಕುಂದಲಿಲ್ಲವಾದರೆ, ಅವರದೇ ಊರಿನ ಗಂಡುಮಕ್ಕಳು ತಮ್ಮ ಅಂಗಿಯನ್ನು ತಾವೇ ಒಗೆದುಕೊಂಡರೆ, ಒಂದು ಕೊಡ ನೀರು ಹೊತ್ತು ತಂದರೆ, ಕುಂದುವದೇನು?

ಆದಕಾರಣ ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೇ: ಸಂಜೆ ದೀಪ ಹಚ್ಚಿದ ಮೇಲೆ ಎರಡು ತಾಸು ಮಗಳನ್ನು ಯಾವ ಕೆಲಸಕ್ಕೂ ಕರೆಯಬೇಡಿರಿ. ಇಂದು ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಒಲೆಯ ಬೆಳಕಿನಲ್ಲಿ ಪಾಠ ಓದಿದವರು ಅವರಲ್ಲಿಯೂ ಇದ್ದಾರೆ. ತಮಗೆ ದೊರೆಯದ ಆ ಎರಡು ತಾಸುಗಳನ್ನು ಅವರು ತಮ್ಮ ಹೆಣ್ಣುಮಕ್ಕಳಿಗೆ ಕೊಟ್ಟಾರೆಂದು ನಂಬಿದ್ದೇವೆ.