ಸೆರೆಯಲ್ಲಿರುವವರ ಕೈಗೆ ಕುಂಚ

ಕನ್ನಂಬಾಡಿಯ ಬೃಂದಾವನವನ್ನು ನೋಡಲು ಹೊರಟ ಸಂಸಾರಗಳು ದಾರಿಯಲ್ಲಿ ಶ್ರೀರಂಗಪಟ್ಟಣದಲ್ಲಿಳಿದು, ರಂಗನಾಥನ ದರ್ಶನವನ್ನು ಮಾಡಿ, ದರಿಯಾ ದೌಲತ್ತನ್ನೂ ಕರ್ನಲ್ ಬೈಲಿಯ ಸೆರೆಮನೆಯನ್ನೂ ನೋಡಿ ಬರುವುದು ವಾಡಿಕೆಯಾಗಿದೆ. ಎರಡನ್ನೂ ಒಂದೇ ದಿವಸ ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. 1780ನೆಯ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಸೋತು ಸೆರೆಸಿಕ್ಕಿದ ಬೈಲಿಯು ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಮೇಲೆ ಇಂದಿಗೂ ಪಲ್ಲಕ್ಕಿಯಲ್ಲಿ ಕುಳಿತಿರುವನು. ಆತನು 1782ರಲ್ಲಿ ಈ ಪಟ್ಟಣದ ಸೆರೆಯಲ್ಲಿಯೇ ತೀರಿಕೊಂಡನು. ಚಿತ್ರವನ್ನು ಬರೆಯಿಸಿದವರು ಗೆದ್ದವರು. 1799ರ ಬಳಿಕ ಅದಕ್ಕೆ ಹೊಸ ಬಣ್ಣ ಕೊಡಿಸಿ ಉಳಿಸಿಕೊಂಡವರೂ ಗೆದ್ದವರೇ. ಸೆರೆಯಲ್ಲಿ ಕೊಳೆತವರ ಮಾತು ಲೋಕಕ್ಕೆ ತಿಳಿದುದಾದರೋ ಅವರು ಹೊರಗೆ ಬಂದ ಮೇಲೆ: ಜೇಮ್ಸ್ ಬ್ರಿಸ್ಟೋ ಎಂಬವನ ಪುಸ್ತಕವು 1793ರಲ್ಲಿ, ಜೇಮ್ಸ್ ಸ್ಕರಿಯದು 1824ರಲ್ಲಿ ಅಚ್ಚಾದುವು.

ನಮಗೆ ಇದು ನೆನಪಾಗಲು ಕಾರಣವುಂಟು. ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ, ಹಿಂದೆ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡವನ್ನು ವಿದೇಶೀಯರನ್ನು ಇರಿಸಿಕೊಳ್ಳುವ ಕೇಂದ್ರವನ್ನಾಗಿ ಮಾಡಿರುವ ವರ್ತಮಾನವು 2019ರಲ್ಲಿ ಪತ್ರಿಕೆಗಳಲ್ಲಿ ಬಂದಿತು. ಇಂಥ ಕೇಂದ್ರದಲ್ಲಿರುವವರು ಶಿಕ್ಷೆಯ ಅವಧಿಯನ್ನು ಕಳೆಯುತ್ತಿರುವವರಲ್ಲ. ರಹದಾರಿಯ ಅವಧಿ ಮುಗಿದವರೂ, ಕಾಗದಪತ್ರಗಳಿಲ್ಲದವರೂ, ಜೈಲಿನ ಶಿಕ್ಷೆಯನ್ನು ಮುಗಿಸಿಯೂ ಸ್ವದೇಶಕ್ಕೆ ಹೋಗಲಾರದವರೂ ಇಂಥಲ್ಲಿ ಕಾಯಬೇಕಾಗುವುದು. ಜೈಲಿನವನಿಗೆ ಬಿಡುಗಡೆಯ ತಾರೀಖಾದರೂ ಇರುವುದು. ಇವರಿಗೆ ಅದೂ ಇಲ್ಲ. ದೇವಕಿಯ ಮಗನು ಹುಟ್ಟಿದ್ದು ಸೆರೆಮನೆಯಲ್ಲಿ ಎಂದು ಮಕ್ಕಳಿಗೆ ಕಥೆ ಹೇಳುವ ನಾವು ಇವರ ಹಗಲು ಹೇಗೆ ಕಳೆಯುವುದೆಂದು ಯೋಚಿಸಬಾರದೆ?

ಜೈಲಿನಲ್ಲಿ ಕಲೆಯು ಬೆಳೆಯುವುದೆಂಬುದನ್ನು ನಮ್ಮ ನಾಡು ಕಂಡಿದೆ. ಮೈಸೂರಿನ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಬಂದಿಗಳಿಗೆ ನಾಟಕವನ್ನು ಕಲಿಸಿ, ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ವನ್ನು ಅವರಿಂದ ಆಡಿಸಿದರು. ಆದರೆ ನಾಟಕಕ್ಕೆ ತಿಂಗಳುಗಟ್ಟಲೆ ತಾಲೀಮು ಬೇಕು. ನಾಳೆ ಯಾರನ್ನು ಎಲ್ಲಿಗೆ ಕಳುಹಿಸುವರೋ ತಿಳಿಯದ ಕಡೆಯಲ್ಲಿ ನಾಯಕನ ಪಾತ್ರವನ್ನು ಯಾರಿಗೆ ಕೊಡುವುದು?

ಇದಕ್ಕೆ ತಕ್ಕ ನಿದರ್ಶನವು ದೂರದ್ದು. ಹಿಟ್ಲರನಿಗೆ ಹೆದರಿ ಇಂಗ್ಲೆಂಡಿಗೆ ಓಡಿಬಂದ ಜರ್ಮನರನ್ನೇ, ಜರ್ಮನರೆಂಬ ಕಾರಣದಿಂದ, ಆ ಸರಕಾರವು 1940ರಲ್ಲಿ ಹಿಡಿದು ಮ್ಯಾನ್ ದ್ವೀಪದಲ್ಲಿ ಕೂಡಿಹಾಕಿತು. ಅಲ್ಲಿಯ ಹಚಿನ್ಸನ್ ಶಿಬಿರದಲ್ಲಿ ಚಿತ್ರಗಾರರು ಹಲವರಿದ್ದರು. ವಿಮಾನದಾಳಿಯ ಭಯದಿಂದ ಕಿಟಕಿಯ ಗಾಜುಗಳಿಗೆ ನೀಲಿ ಬಣ್ಣ ಬಳಿದಿದ್ದರಷ್ಟೆ. ಅದನ್ನು ಕೆರೆದು ಚಿತ್ರ ಬಿಡಿಸಿದರು. ನೆಲಕ್ಕೆ ಹಾಸಿದ್ದ ಲಿನೋಲಿಯಮ್ಮನ್ನು ಕತ್ತರಿಸಿ ಅಚ್ಚು ಕೊರೆದರು. ಕುರ್ಟ್ ಷ್ವಿಟರ್ಸ್ ಎಂಬಾತನು ಬೆಳಗಿನ ಗಂಜಿಯನ್ನು ಉಳಿಸಿ ಅದರಿಂದಲೇ ವಿಗ್ರಹಗಳನ್ನು ಮಾಡಿದನು. ಅವು ಬೂಷ್ಟು ಹಿಡಿದು ನಾರಿದುವೆಂದು ಜೊತೆಯವರು ನೆನೆಯುತ್ತಿದ್ದರು. (ನಮ್ಮ ಮಂಡ್ಯದ ಸೀಮೆಯಲ್ಲಾಗಿದ್ದರೆ ರಾಗಿಯ ಅಂಬಲಿಯು ಇಷ್ಟು ದಿವಸ ಉಳಿಯುತ್ತಿರಲಿಲ್ಲ!) ಶಿಬಿರದ ಅಧಿಕಾರಿಯು ಇವರನ್ನು ಗದರಿಸದೆ ಸಾಮಗ್ರಿಯನ್ನೂ ಸ್ಥಳವನ್ನೂ ಒದಗಿಸಿದನು, ಅದೇ ವರ್ಷ ಪ್ರದರ್ಶನವೂ ನಡೆಯಿತು. ಈಗ ಇಂಗ್ಲೆಂಡಿನ ಇಂಥ ಕೇಂದ್ರಗಳಿಗೆ ಕಲಾವಿದರು ಹೊರಗಿನಿಂದ ಹೋಗಿ ಕಲಿಸುವುದುಂಟು.

ನಮ್ಮಲ್ಲಿ ಯಾರಾದರೂ ಅಪ್ಪಣೆ ಪಡೆದು ಈ ಕೆಲಸಕ್ಕೆ ತೊಡಗುವುದಾದರೆ, ಕೆಲವು ಮಾತುಗಳನ್ನು ಮೊದಲೇ ಯೋಚಿಸತಕ್ಕದ್ದು. ಕತ್ತರಿ, ಚಾಕು, ಗಾಜಿನ ಸೀಸೆಗಳನ್ನು ಒಳಗೆ ಬಿಡರು; ಕಡ್ಡಿಗಳನ್ನು ಎಣಿಸಿ ಕೊಟ್ಟು ಎಣಿಸಿ ಹಿಂದಕ್ಕೆ ಪಡೆಯಬೇಕು. ಈ ವಾರ ಇದ್ದವನು ಮುಂದಿನ ವಾರ ಇಲ್ಲದಿರಬಹುದಾದುದರಿಂದ ಒಂದೇ ಕೂಟದಲ್ಲಿ ಮುಗಿಯುವ ಕೆಲಸವನ್ನೇ ಆರಿಸಬೇಕು. ‘ನಿನ್ನ ಕಥೆಯೇನು, ಹೇಗೆ ಬಂದೆ’ ಎಂದು ಕೇಳಲಾಗದು. ಆ ಪ್ರಶ್ನೆಯನ್ನು ಅವರು ಅಧಿಕಾರಿಗಳಿಂದ ಸಾಕಷ್ಟು ಕೇಳಿರುವರು. ಮುಖದ ಛಾಯಾಚಿತ್ರವನ್ನು ತೆಗೆದು ಪ್ರಕಟಿಸುವುದಂತೂ ಸಲ್ಲದು. ಇನ್ನು ಬರೆದ ಚಿತ್ರವು ಬರೆದವನದೇ. ಒಳ್ಳೆಯದೆಂದು ನಾವು ಹೊತ್ತು ತಂದು ಗೋಡೆಗೆ ತೂಗಿಸಿದರೆ ದರಿಯಾ ದೌಲತ್ತಿನವರಿಗೂ ನಮಗೂ ಏನು ಭೇದ?

ಯಾವ ಕಲೆಯಿಂದ ಆರಂಭಿಸಬೇಕೆಂದು ಕೇಳಿದರೆ, ರಂಗೋಲಿಯೆಂದು ನಾವು ಹೇಳುವೆವು. ಕಲಿಸುವವರಿಗೂ ಕಲಿಯುವವರಿಗೂ ಒಂದೇ ಭಾಷೆ ಬರಬೇಕೆಂಬುದಿಲ್ಲ. ಬಂಗಾಳದ ಕಡೆಯವರು ಅಕ್ಕಿಹಿಟ್ಟಿನಿಂದ ಆಲ್ಪನಾ ಬರೆಯುವುದನ್ನು ಬಲ್ಲರು. ಅವರು ನಮ್ಮವರಿಗೇ ಹೊಸ ಬಳ್ಳಿಯೊಂದನ್ನು ಕಲಿಸಿಯಾರು. ಹಿಡಿ ಹಿಟ್ಟೂ ಸಾರಿಸಿದ ನೆಲವೂ ಇದ್ದರಾಯಿತು, ಅಪ್ಪಣೆ ನೀಡುವವರಿಗೆ ತಕರಾರಿಗೆ ಎಡೆಯಿಲ್ಲ. ಸಾಯಂಕಾಲ ಅದನ್ನು ಗುಡಿಸುವ ಕೆಲಸವನ್ನು ಮಾತ್ರ, ಬರೆದವರೇ ಬೇಡವೆಂದರೆ, ಮರುದಿನಕ್ಕೆ ಬಿಡಬಹುದು.