ಕೋಣಕ್ಕೂ ಕ್ರೆಡಿಟ್ ಸಿಕ್ಕಿದೆ, ಹಲಗೆಯವರಿಗೆ ಯಾಕಿಲ್ಲ?

ಬೆಂಗಳೂರಿನ ಫಿಲ್ಮ್ ಸ್ಟೂಡೆಂಟ್‌ಗಳಿಗೆ ಈಗೀಗ ನಮ್ಮ ರಾಯಚೂರು "ಸಖತ್ ರಾ" ಆಗಿ ಕಾಣ್ತಿದೆ. ಇಂಡೀ ಬ್ಯಾಂಡಿಗೊಂದು ಮ್ಯೂಸಿಕ್ ವಿಡಿಯೋ ಮಾಡಬೇಕಾ? ಹೊರಡು ರಾಯಚೂರಿಗೆ. ಆ ಊರಿನವನು ಅನ್ನೋ ಕಾರಣಕ್ಕೆ ಇಂಥದ್ದೊಂದು ಪ್ಲಾನು ನನ್ನ ಫೋನಿಗೂ ಬಂತು. ಶಾಟ್ ಲಿಸ್ಟ್ ಹೀಗಿತ್ತು: ಮಾನ್ವಿಯಲ್ಲಿ ಬಿರುಕು ಬಿಟ್ಟ ಹೊಲ, ದೇವದುರ್ಗದಲ್ಲಿ ರುಮಾಲು ಸುತ್ತಿದ ಮುದುಕ, ರಾಯಚೂರು ಕೋಟೆ ಮೇಲೆ ಡ್ರೋನು. ಕೊನೆಗೆ, "ಹಲಗೆ ಬಾರಿಸೋರು ನಾಲ್ಕು ಜನ, ವಿಶುವಲ್‌ಗೆ".

ವಿಶುವಲ್‌ಗೆ! ಅಂದ್ರೆ ಅವರ ಕೈ ಬೇಕು, ಸದ್ದು ಬೇಡ. ಸದ್ದು ಆಗಲೇ ಲ್ಯಾಪ್‌ಟಾಪಿನ ಸ್ಯಾಂಪಲ್ ಪ್ಯಾಕಿನಿಂದ ಬಂದಾಗಿದೆ. ಬಜೆಟ್ ಶೀಟಿನಲ್ಲಿ ಲೆನ್ಸಿಗೆ ಬಾಡಿಗೆ ಇತ್ತು, ಡ್ರೋನಿಗೆ ಇತ್ತು, ಹಲಗೆಯವರ ಎದುರು "ಊಟ" ಅಂತಷ್ಟೇ ಬರೆದಿತ್ತು.

ಮೊದಲು ಆ ಬಿರುಕು ನೆಲದ ವಿಷಯ. ಮಾನ್ವಿ ಸೀಮೆಗೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಅಲ್ಲಿ ಭತ್ತ ಬೆಳೀತಾರೆ. ಮೇಲಿನವರು ನೀರು ಹಿಡಿದುಕೊಂಡ್ರೆ ಕಾಲುವೆಯ ಕೊನೆಯವರಿಗೆ ಸಿಗಲ್ಲ, ಜನ ರಸ್ತೆಗಿಳೀತಾರೆ. ಒಣ ನೆಲಕ್ಕೂ ಹೀಗೊಂದು ಕಾರಣ ಇರುತ್ತೆ ಸ್ವಾಮಿ. ನಿಮಗೆ ಕಾರಣ ಬೇಡ, ಟೆಕ್ಸ್ಚರ್ ಸಾಕು. ನಿಮ್ಮ ಜ್ಯಾಮಿಂಗ್ ರೂಮಿನ ಆಂಪ್ಲಿಫೈಯರಿಗೆ ಬರೋ ಕರೆಂಟಿನಲ್ಲಿ 1985ರಿಂದ ಉರಿಯುತ್ತಿರುವ ಶಕ್ತಿನಗರದ ಪಾಲೂ ಇದೆ. ಅದು ಯಾವ ಶಾಟ್ ಲಿಸ್ಟಿನಲ್ಲೂ ಇಲ್ಲ.

ಇನ್ನು ಸಂಗೀತ. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು, ಜಗನ್ನಾಥದಾಸರು ಅದೇ ಸೀಮೆಯ ಬ್ಯಾಗವಾಟದವರು, ಗೋಪಾಲದಾಸರು ದೇವದುರ್ಗದ ಮೊಸರಕಲ್ಲಿನವರು. ಹದಿನೆಂಟನೇ ಶತಮಾನದಲ್ಲಿ ಲೇಬಲ್ಲೂ ಇಲ್ಲದೆ, ಮ್ಯಾನೇಜರೂ ಇಲ್ಲದೆ ಪದ ಕಟ್ಟಿ ಹಾಡಿದವರು. ಇವತ್ತಿಗೂ ಭಜನೆ ಮೇಳಗಳಿವೆ, ತತ್ವಪದದವರಿದ್ದಾರೆ, ಮೊಹರಂನಲ್ಲಿ ಅಲಾಯಿ ಸುತ್ತ ಪದ ಹಾಡ್ತಾರೆ. ಇಂಥ ಸೀಮೆಗೆ ಬಂದು ಅಲ್ಲಿನವರ ಬಾಯಿಗೇ ಮ್ಯೂಟ್ ಒತ್ತೋದಾ? ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲೇ ಶಿಶುನಾಳ ಶರೀಫರನ್ನು ಹಾಡಿದ್ರು. ಕನ್ನಡದ ಇಂಡೀ ಎಲ್ಲಿಂದ ಉಸಿರು ತಗೊಂಡಿದೆ ಅಂತ ಗೊತ್ತಾಗೋಕೆ ಇದೊಂದೇ ಸಾಕು.

"ಸ್ಟೂಡೆಂಟ್ ಪ್ರಾಜೆಕ್ಟ್ ಬ್ರೋ, ದುಡ್ಡೆಲ್ಲಿದೆ? ಅವರಿಗೂ ಎಕ್ಸ್‌ಪೋಷರ್ ಸಿಗುತ್ತಲ್ಲ" ಅಂತಾರೆ. ದುಡ್ಡಿಲ್ಲ ಅನ್ನೋದು ನಿಜ ಇರಬಹುದು. ಆದ್ರೆ ಕ್ಯಾಮೆರಾ ಬಾಡಿಗೆ ಕೊಡೋ ಅಂಗಡಿಯವನು ಎಕ್ಸ್‌ಪೋಷರ್ ತಗೋತಾನಾ? ಇಲ್ಲ. ಹಲಗೆಯವರು ಮಾತ್ರ ಯಾಕ್ರೀ ತಗೋಬೇಕು? ಒಂದು ದಿನದ ಕೂಲಿ ಬಿಟ್ಟು ಬರೋರು ಅವರು. ಡ್ರೋನು ಬಿಡಿ, ಅದೇ ದುಡ್ಡು ಅವರಿಗೆ ಕೊಡಿ.

ಪ್ಲಾನ್ ಮಾಡೋ ಕ್ರಮವನ್ನೇ ತಿರುಗಿಸಬೇಕು. ಮೊದಲೆರಡು ದಿನ ಕ್ಯಾಮೆರಾ ಹೊರತೆಗೀಬೇಡಿ, ರೆಕಾರ್ಡರ್ ಮಾತ್ರ ಹಿಡ್ಕೊಂಡು ಹೋಗಿ ಕೂತು ಕೇಳಿ. ರೇಟು ಮೊದಲೇ ಮಾತಾಡಿ. ತೋರಿಸಿದ ಹಲಗೆ ಹಾಡಿನಲ್ಲೂ ಕೇಳಿಸಲಿ, ಬಾರಿಸಿದವರು ಒಪ್ಪಿದ್ರೆ ಬ್ಯಾಂಡಿನವರ ಹೆಸರಿನಷ್ಟೇ ದೊಡ್ಡದಾಗಿ ಅವರ ಹೆಸರೂ ಬರಲಿ. ಮೊದಲ ಶೋ ಅವರ ಓಣಿಯಲ್ಲೇ ಆಗಲಿ.

ಇದೇನು ಹೊಸ ಐಡಿಯಾ ಅಲ್ಲ. ನೀವು ಡ್ರೋನ್ ಹಾರಿಸಬೇಕು ಅಂತಿರೋ ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದು ಕಲ್ಲಿದೆ, 1294ರ ಶಾಸನ. ಕಟ್ಟಿಸಿದವನ ಹೆಸರಿನ ಜೊತೆಗೆ, ಆ ಕಲ್ಲನ್ನು ಬಂಡಿಯಲ್ಲಿ ಎಳೆದ ಕೋಣಗಳ ಸಾಲನ್ನೂ ಹಿಂದೆ ಸನ್ನೆಗೋಲು ಹಾಕಿದ ಜನರನ್ನೂ ಅಲ್ಲಿ ಕೆತ್ತಿದ್ದಾರೆ. ಏಳು ನೂರು ವರ್ಷದ ಹಿಂದೆಯೇ ಕೋಣಕ್ಕೂ ಕ್ರೆಡಿಟ್ ಕೊಟ್ಟ ಊರಿದು.

ಇಂಥ ವಿಡಿಯೋಗಳಿಗೆ ಐನೂರು, ಸಾವಿರ ಹಾಕೋರು ನಾವು ನೀವೇ, ಸಂಬಳದವರು. ಮುಂದಿನ ಸಲ ಕ್ರೌಡ್‌ಫಂಡಿಂಗ್ ಲಿಂಕ್ ಬಂದಾಗ ಒಂದೇ ಪ್ರಶ್ನೆ ಕೇಳಿ: ಹಲಗೆಯವರಿಗೆ ಎಷ್ಟು? ಉತ್ತರ ಬರಲಿಲ್ವಾ, ಒಂದು ರೂಪಾಯಿನೂ ಹಾಕಬೇಡಿ.