ಉಂಡ ತಾಟು ಉಂಡವರೇ ತೊಳೆಯಲಿ

2024ರ ಸೆಪ್ಟೆಂಬರ್ ಕೊನೆಯ ವಾರ. ಗಾಂಧಿ ಜಯಂತಿ ಹತ್ತಿರ ಬಂದಿತ್ತು. ತಾಲೂಕು ಕೇಂದ್ರದಲ್ಲಿ ‘ಸ್ವಚ್ಛತೆಯೇ ಸೇವೆ’ ಕಾರ್ಯಕ್ರಮ. ಹೊಸ ಕಸಬರಿಗೆ ಹಿಡಿದು ಸಾಲಾಗಿ ನಿಂತ ಗಣ್ಯರ ಫೋಟೊ ತೆಗೆದುಕೊಂಡು, ಬಸ್ ನಿಲ್ದಾಣದ ಕಟ್ಟೆ ಮೇಲೆ ಕೂತು ಮೊಬೈಲ್‌ನಲ್ಲೇ ಸುದ್ದಿ ಟೈಪ್ ಮಾಡುತ್ತಿದ್ದೆ. ಆಗ ಹೆಂಡತಿಯ ಫೋನ್ ಬಂತು.

‘ಅತ್ತಿ ಬಿದ್ದಾರ. ಲಗೂನ ಬರ್ರಿ.’

ಮಹಾನವಮಿ ಬಂತೆಂದರೆ ನಮ್ಮ ಗದಗ, ಕೊಪ್ಪಳ ಕಡೆ ಮನೆ ಮನೆಯಲ್ಲಿ ಏನು ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಜೇಡರ ಬಲೆ ಹೊಡೆಯಬೇಕು, ಗೋಡೆಗೆ ಸುಣ್ಣ ಬಳಿಯಬೇಕು, ಹಿತ್ತಾಳೆ ಸಾಮಾನು ಇಳಿಸಿ ಹುಣಸೆಹುಳಿ ಹಚ್ಚಿ ತಿಕ್ಕಬೇಕು, ಮನೆಯ ಕೌದಿಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯಬೇಕು. ಅರವತ್ತು ದಾಟಿದ ಅವ್ವ ಸ್ಟೂಲ್ ಹತ್ತಿ ಅಟ್ಟದ ಮೇಲಿನ ಕೊಡ ಇಳಿಸಲು ಹೋಗಿದ್ದಳು. ಬಲಗೈ ಮಣಿಕಟ್ಟಿನ ಎಲುಬು ಮುರಿದಿತ್ತು. ಆರು ವಾರ ಪ್ಲಾಸ್ಟರ್ ಅಂದರು ಡಾಕ್ಟರ್.

ಆ ಹೊತ್ತಿನಲ್ಲಿ ಮನೆಯಲ್ಲಿ ಯಾರ‍್ಯಾರು ಎಲ್ಲಿದ್ದರು ಅಂತ ಆಮೇಲೆ ಲೆಕ್ಕ ಹಾಕಿದೆ. ಹೆಂಡತಿ ಅಡುಗೆಮನೆ ತೊಳೆಯುತ್ತಿದ್ದಳು. ಏಳನೇ ತರಗತಿಯ ಮಗಳು ನಳದ ಸಾಲಿನಲ್ಲಿದ್ದಳು. ನಾಲ್ಕನೇ ತರಗತಿಯ ಮಗ ಕ್ರಿಕೆಟ್ ಆಡುತ್ತಿದ್ದ. ಅಪ್ಪ ಗುಡಿ ಕಟ್ಟೆ ಮೇಲೆ ಕೂತಿದ್ದರು. ನಾನು ಸ್ವಚ್ಛತೆಯ ಸುದ್ದಿ ಬರೆಯುತ್ತಿದ್ದೆ. ಅವ್ವ ಯಾರನ್ನೂ ಕರೆದಿರಲಿಲ್ಲ. ಕರೆದರೆ ಗಂಡಸರು ಬರುತ್ತಾರೆ ಅಂತ ಅವಳಿಗೆ ಅನಿಸಿಯೇ ಇರಲಿಲ್ಲ.

ಸುದ್ದಿ ಬರೆಯುವವನಿಗೆ ಅಂಕಿ ಹುಡುಕುವ ಚಟ. ಕೇಂದ್ರ ಸರ್ಕಾರ 2019ರಲ್ಲಿ, ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಅಂತ ದೇಶದಾದ್ಯಂತ ಸಮೀಕ್ಷೆ ಮಾಡಿಸಿತ್ತು. ಹಳ್ಳಿಗಳಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 301 ನಿಮಿಷ ಕೊಡುತ್ತಾರೆ. ಮನೆಗೆಲಸಕ್ಕೆ ಕೈ ಹಾಕುವ ಗಂಡಸರು 98 ನಿಮಿಷ ಕೊಡುತ್ತಾರೆ. ಹಾಗೆ ಕೈ ಹಾಕುವವರಾದರೂ ಎಷ್ಟು? ನೂರು ಹೆಂಗಸರಲ್ಲಿ 82 ಮಂದಿ, ನೂರು ಗಂಡಸರಲ್ಲಿ 28 ಮಂದಿ.

2024ರಲ್ಲಿ ಮತ್ತೆ ಸಮೀಕ್ಷೆ ಆಯಿತು. ಇಡೀ ದೇಶದ ಲೆಕ್ಕದಲ್ಲಿ ಹೆಂಗಸರ ಸಮಯ 299 ನಿಮಿಷದಿಂದ 289ಕ್ಕೆ ಇಳಿದಿದೆ. ಗ್ಯಾಸು, ಮಿಕ್ಸರ್, ಮನೆ ಮುಂದಿನ ನಳ ಸ್ವಲ್ಪ ಭಾರ ಇಳಿಸಿರಬಹುದು. ಆದರೆ ಗಂಡಸರ ಸಮಯವೂ 97ರಿಂದ 88ಕ್ಕೆ ಇಳಿದಿದೆ!

ಈಗ ಇನ್ನೊಂದು ಲೆಕ್ಕ. ಕಟ್ಟೆ ಮೇಲೆ ಕೂತವರು ‘ಹೆಣ್ಣಮಕ್ಕಳಿಗೇನ ಬಿಡಪಾ, ಗೃಹಲಕ್ಷ್ಮಿ ಪಗಾರ ಬರ್ತದ’ ಅಂತ ಚೇಷ್ಟೆ ಮಾಡುತ್ತಾರೆ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಸಹಾಯಧನ, ಪಗಾರ ಅಲ್ಲ. ಆದರೂ ಅವರ ಮಾತಿನಂತೆ ಪಗಾರ ಅಂತಲೇ ಹಿಡಿಯೋಣ. ದಿನಕ್ಕೆ ಐದು ತಾಸು, ತಿಂಗಳಿಗೆ 150 ತಾಸು. ತಾಸಿಗೆ 13 ರೂಪಾಯಿ ಚಿಲ್ಲರೆ. ಆ ಕೂಲಿಗೆ ನಿಮ್ಮ ಹೊಲಕ್ಕೆ ಯಾರು ಬರುತ್ತಾರೆ ಹೇಳಿ.

‘ಗಂಡಸರು ಹೊಲದಾಗ ದುಡೀತಾರ, ಹೆಂಗಸರು ಮನ್ಯಾಗ’ ಅನ್ನುವ ಮಾತು ಕೇಳಲು ಸರಿ ಅನಿಸುತ್ತದೆ. ಹೊಲಕ್ಕೆ ಹೋಗಿ ನೋಡಿ. ಕಳೆ ತೆಗೆಯುವವರು ಯಾರು? ಹತ್ತಿ ಬಿಡಿಸುವವರು, ಮೆಣಸಿನಕಾಯಿ ಹರಿಯುವವರು ಯಾರು? ಸಂಜೆ ಇಬ್ಬರೂ ಒಂದೇ ಟಂಟಂನಲ್ಲಿ ಮನೆಗೆ ಬರುತ್ತಾರೆ. ಒಬ್ಬರು ಕಾಲು ತೊಳೆದು ಚಹಾಕ್ಕೆ ಕಾಯುತ್ತಾರೆ, ಇನ್ನೊಬ್ಬರು ಕಾಲು ತೊಳೆದು ಚಹಾಕ್ಕೆ ಇಡುತ್ತಾರೆ. ಸುಗ್ಗಿ ಮುಗಿದರೆ ಹೊಲದ ಕೆಲಸಕ್ಕೆ ಬಿಡುವು ಇದೆ. ಮುಸುರೆಗೆ ಯಾವ ತಿಂಗಳು ಬಿಡುವು?

ಗಂಡಸರಿಗೆ ಈ ಕೆಲಸ ಬರುವುದಿಲ್ಲ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ನಮ್ಮೂರಿನ ಹುಡುಗರು ಗೋವಾಕ್ಕೆ, ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಶೆಡ್ಡಿನಲ್ಲಿ ಪಾಳಿ ಹಾಕಿಕೊಂಡು ಅನ್ನ ಸಾರು ಮಾಡುತ್ತಾರೆ, ಬಟ್ಟೆ ಒಗೆದುಕೊಳ್ಳುತ್ತಾರೆ. ಊರಿನ ಬಸ್ ಇಳಿದ ಕೂಡಲೇ ನೀರಿನ ಲೋಟಕ್ಕೂ ಕೂಗು ಹಾಕುತ್ತಾರೆ. ಮದುವೆ ಮನೆಯಲ್ಲಿ ಸಾವಿರ ಮಂದಿಗೆ ಅಡುಗೆ ಮಾಡುವವರು ಗಂಡಸರೇ. ಜಾತ್ರೆಯ ದಾಸೋಹದಲ್ಲಿ ಸೊಂಟಕ್ಕೆ ಟವೆಲ್ ಕಟ್ಟಿ ಬಡಿಸುವವರೂ, ಎಲೆ ತೆಗೆಯುವವರೂ ಗಂಡಸರೇ. ಕಾಯಕದಲ್ಲಿ ಮೇಲು ಕೀಳಿಲ್ಲ ಅಂತ ಭಾಷಣ ಕೇಳಿ ಜೋರಾಗಿ ಚಪ್ಪಾಳೆ ಹೊಡೆಯುವವರೂ ನಾವೇ. ಮಠದಲ್ಲಿ ಸೇವೆ ಅನಿಸಿದ ಕೆಲಸ ಮನೆಯಲ್ಲಿ ಮಾಡಿದರೆ ಮರ್ಯಾದೆ ಹೇಗೆ ಹೋಗುತ್ತದೆ?

ಮರ್ಯಾದೆಯ ಮಾತು ನಮ್ಮ ಮನೆಗೂ ಬಂತು. ಅವ್ವನ ಕೈಗೆ ಪ್ಲಾಸ್ಟರ್ ಬಿದ್ದ ಮೂರನೇ ದಿನ ನಾನು ಅಂಗಳ ಗುಡಿಸಲು ನಿಂತೆ. ಅಪ್ಪ ಒಳಗಿಂದಲೇ ಗದರಿಸಿದರು: ‘ಹೆಣ್ಣಮಕ್ಕಳು ಇರೂ ಮನ್ಯಾಗ ನೀ ಯಾಕ ಕಸಬರಿಗಿ ಹಿಡದಿ?’ ಅದು ನಾನು ನಿರೀಕ್ಷಿಸಿದ್ದೇ. ನಿರೀಕ್ಷಿಸದೇ ಇದ್ದದ್ದು ಅವ್ವನ ಮಾತು. ‘ಬ್ಯಾಡಪಾ, ಇಡು. ಓಣಿ ಮಂದಿ ನೋಡಿದ್ರ ನಿನಗೇನೂ ಅನ್ನೂದಿಲ್ಲ, ನನ್ನ ಸೊಸಿಗೆ ಬೈತಾರ.’

ಅವಳು ಹೇಳಿದ್ದು ನಿಜವಾಯಿತು. ವಾರದೊಳಗೆ ನಳದ ಹತ್ತಿರ ನನ್ನ ಹೆಂಡತಿಗೆ ಕೇಳುವ ಹಾಗೆ ಮಾತು ಬಂದವು, ‘ಗಂಡನ ಕೈಲೆ ಕಸ ಹೊಡಸ್ತಾಳ’ ಅಂತ. ಗಂಡಸು ಕೆಲಸ ಮಾಡಿದರೂ ಬೈಗುಳ ಹೆಣ್ಣಿಗೇ. ಹಾಗಾಗಿ ಎಷ್ಟೋ ಹೆಣ್ಣುಮಕ್ಕಳು ‘ನೀವು ಬಿಡ್ರಿ, ನಾನ ಮಾಡ್ತೀನಿ’ ಅನ್ನುತ್ತಾರೆ. ಅದನ್ನು ಅವರ ಇಷ್ಟ ಅಂತ ತಿಳಿದು ನಾವು ಮೊಬೈಲ್ ಹಿಡಿದು ಕೂರುತ್ತೇವೆ. ಈ ಮಾತಿಗೆ ಉತ್ತರ ಕೊಡಬೇಕಾದವರು ಗಂಡಸರು. ನಾನು ಮರುದಿನದಿಂದ ನಾನೇ ಕೊಡ ಹಿಡಿದು ನಳಕ್ಕೆ ಹೋದೆ. ನಾಲ್ಕು ದಿನ ನಕ್ಕರು. ಐದನೇ ದಿನ ಪಾಳಿ ವಿಷಯಕ್ಕೆ ನನ್ನ ಜೊತೆಗೂ ಜಗಳ ತೆಗೆದರು. ಅಲ್ಲಿಗೆ ನಾನೂ ಸಾಲಿನಲ್ಲಿ ಒಬ್ಬನಾದೆ.

ಆ ಆರು ವಾರದಲ್ಲಿ ನಾನು ಕಲಿತದ್ದು ಇನ್ನೊಂದಿದೆ. ನಾನು ಹೆಂಡತಿಗೆ ದಿನಾ ‘ಏನ್ ಮಾಡ್ಬೇಕು ಹೇಳು, ಮಾಡ್ತೀನಿ’ ಅನ್ನುತ್ತಿದ್ದೆ. ದೊಡ್ಡ ಉಪಕಾರ ಮಾಡಿದೆ ಅನ್ನುವ ಭಾವ. ಒಂದು ದಿನ ಅವಳು ಬೇಸತ್ತು ಅಂದಳು: ‘ಹೇಳೂದೂ ಒಂದ್ ಕೆಲಸಾನ ರೀ.’ ಎಣ್ಣೆ ಯಾವಾಗ ತೀರುತ್ತದೆ, ಹಿಟ್ಟಿನ ಗಿರಣಿಗೆ ಯಾವಾಗ ಹೋಗಬೇಕು, ಮಗನ ಸಮವಸ್ತ್ರ ಒಣಗಿದೆಯೋ ಇಲ್ಲವೋ, ಇವೆಲ್ಲ ಒಬ್ಬಳ ತಲೆಯಲ್ಲೇ ಇರುತ್ತವೆ. ಆ ನೆನಪಿನ ಭಾರವನ್ನೂ ಹಂಚಿಕೊಳ್ಳಬೇಕು.

ಅಂದೇ ಕೂತು ಪಾಲು ಮಾಡಿಕೊಂಡೆವು. ಗೋಡೆಯ ಕ್ಯಾಲೆಂಡರ್ ಹಿಂದೆ ಬರೆದು ಅಂಟಿಸಿದೆವು. ನೀರು, ಅಂಗಳ, ಗಿರಣಿ ನನ್ನವು. ಕೇಳದೇ ಮಾಡಬೇಕು, ಮರೆತರೆ ತಪ್ಪು ನನ್ನದೇ. ಕೊಟ್ಟಿಗೆಯ ಹೆಂಡಿ ಬಳಿಯುವುದು, ಕಾಯಿಪಲ್ಯೆ ಹೆಚ್ಚುವುದು ಅಪ್ಪನದು. ‘ಹೆಚ್ಚೂದು ಕೂತ ಮಾಡೂ ಕೆಲಸ’ ಅಂತ ಅಪ್ಪ ಒಪ್ಪಿದರು. ಹಾಸಿಗೆ ಮಡಚುವುದು, ಒಣಗಿದ ಬಟ್ಟೆ ತರುವುದು ಮಗ ಮಗಳಿಗೆ ದಿನ ಬಿಟ್ಟು ದಿನ. ರೊಟ್ಟಿ ಬಡಿಯಲು ಕಲಿಯಲು ನೋಡಿದೆ. ಹಂಚಿನ ಮೇಲೆ ಬಿದ್ದದ್ದು ನಕಾಶೆ. ಅದು ಹೆಂಡತಿಯ ಬಳಿಯೇ ಉಳಿಯಿತು. ಎಲ್ಲರಿಗೂ ಒಂದೇ ನಿಯಮ: ಉಂಡ ತಾಟು ಉಂಡವರೇ ತೊಳೆಯಬೇಕು.

ಇದರಿಂದ ಮನೆ ಸ್ವರ್ಗವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಪ್ಲಾಸ್ಟರ್ ಬಿಚ್ಚಿದ ವಾರವೇ ಅವ್ವ ಮತ್ತೆ ಕಸಬರಿಗೆ ಹಿಡಿದಳು. ಅಪ್ಪ ಮತ್ತೆ ತಾಟು ಬಿಟ್ಟು ಎದ್ದರು. ಚುನಾವಣೆ, ಜಾತ್ರೆ ಅಂತ ನಾನೂ ಎಷ್ಟೋ ದಿನ ತಪ್ಪಿಸಿಕೊಂಡೆ. ಆಗೆಲ್ಲ ಹಿಡಿದು ನಿಲ್ಲಿಸಿದವಳು ಮಗಳು. ಒಂದು ರಾತ್ರಿ ಅವಳ ತಮ್ಮ ತಾಟು ಬಿಟ್ಟು ಎದ್ದ. ‘ಅಜ್ಜ ತೊಳೀಲಿಲ್ಲ, ನಾ ಯಾಕ?’ ಅಂದ. ಅವಳು ಸುಮ್ಮನೆ ಅಜ್ಜನ ಮುಖ ನೋಡಿದಳು. ಅಪ್ಪ ಒಂದು ಮಾತೂ ಆಡದೆ ಎದ್ದು, ತಮ್ಮ ತಾಟಿನ ಜೊತೆ ಮೊಮ್ಮಗನ ತಾಟನ್ನೂ ಬಚ್ಚಲಿಗೆ ಒಯ್ದರು. ಮರುದಿನದಿಂದ ಹುಡುಗ ತಾನೇ ತೊಳೆಯುತ್ತಿದ್ದಾನೆ.

ಮಕ್ಕಳು ನಮ್ಮ ಮಾತು ಕೇಳಿ ಕಲಿಯುವುದಿಲ್ಲ, ನಮ್ಮನ್ನು ನೋಡಿ ಕಲಿಯುತ್ತಾರೆ. ಪರೀಕ್ಷೆ ಹೊತ್ತಿಗೆ ಅಕ್ಕ ಮುಸುರೆ ತಿಕ್ಕುವುದನ್ನೂ ತಮ್ಮ ಆಡುವುದನ್ನೂ ದಿನಾ ನೋಡಿದ ಹುಡುಗ ನಾಳೆ ತನ್ನ ಹೆಂಡತಿಯಿಂದ ಏನು ಬಯಸುತ್ತಾನೆ ಅಂತ ಯೋಚಿಸಿ.

ಅವ್ವನ ಬಲಗೈ ಈಗಲೂ ಪೂರ್ತಿ ತಿರುಗುವುದಿಲ್ಲ. ಚಳಿಗೆ ನೋಯುತ್ತದೆ. ಕೌದಿ ಹಿಂಡಲು ಆಗುವುದಿಲ್ಲ. ಕಳೆದ ಮಹಾನವಮಿಗೆ ಹಳ್ಳದಲ್ಲಿ ಒಂದು ತುದಿ ನಾನು, ಒಂದು ತುದಿ ಮಗ ಹಿಡಿದು ಹಿಂಡಿದೆವು. ಅವ್ವ ದಂಡೆಯ ಕಲ್ಲಿನ ಮೇಲೆ ಕೂತು ‘ಇನ್ನಷ್ಟು ಹಿಂಡ್ರೋ, ನೀರು ಸೋರಾಕತ್ತೇತಿ’ ಅಂತ ಕೂಗುತ್ತಿದ್ದಳು. ಆ ಮಾತು ಕೇಳಲು ಅವಳ ಕೈ ಮುರಿಯುವವರೆಗೆ ನಾನು ಕಾಯಬಾರದಿತ್ತು.

ನೀವು ಇದನ್ನು ರಾತ್ರಿ ಊಟ ಮುಗಿಸಿ ಓದುತ್ತಿರಬಹುದು. ಫೋನ್ ಕೆಳಗಿಟ್ಟು ಒಮ್ಮೆ ಬಚ್ಚಲ ಕಡೆ ನೋಡಿ. ಎಷ್ಟು ತಾಟು ಬಿದ್ದಿವೆ? ಅದರಲ್ಲಿ ನಿಮ್ಮದು ಯಾವುದು?